ಪೈಪ್ ನಿಂತಿರುತ್ತದೆ, ಉಂಗುರ ತಿರುಗುತ್ತದೆ

ಈ ಫ್ರಿಕ್ಷನ್ ವೆಲ್ಡಿಂಗ್ ಮಶೀನ್ ನೋಡಿ, ಲೋಹವನ್ನು ಉಜ್ಜಿ ಕಾಯಿಸಿ ಬೆಸೆಯುತ್ತದೆ. ಈ ಕಡೆ ಚಕ್ಕಿನ (ಕಚ್ಚಿ ಹಿಡಿದು ತಿರುಗಿಸುವ ಭಾಗ) ಬಾಯಲ್ಲಿ ಉಕ್ಕಿನ ಸರಳು ಗಿರಗಿರ ಸುತ್ತುತ್ತಿದೆ. ಎದುರಿನ ಸರಳು ಸುತ್ತುವುದಿಲ್ಲ, ಸುಮ್ನೆ ಒತ್ತಿಕೊಂಡು ಬರುತ್ತದೆ. ತಾಗಿದ ಜಾಗ ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ. ಈಗ ಸುತ್ತುವುದು ನಿಂತಿತು, ಒತ್ತಡ ಇನ್ನೂ ಜಾಸ್ತಿಯಾಯಿತು. ಲೋಹ ಹೊರಗೆ ಉಕ್ಕಿ ಅಂಗಿ ಕಾಲರ್ ಥರ ಮಡಚಿಕೊಂಡಿದೆಯಲ್ಲ, ಅದೇ ಫ್ಲ್ಯಾಶ್. ವೆಲ್ಡಿಂಗ್ ರಾಡ್ ಬೇಡ, ಆರ್ಕ್ (ಕರೆಂಟಿನ ಕಿಡಿ) ಬೇಡ. ಉಕ್ಕು ಕರಗಲೂ ಇಲ್ಲ. ಮೆತ್ತಗಾಗಿ ಒಂದಕ್ಕೊಂದು ಅಂಟಿತು. ಮೇಲ್ಮೈ ಕೊಳೆ ಬಹುಪಾಲು ಫ್ಲ್ಯಾಶ್ ಜೊತೆ ಆಚೆ ಬಂತು.

ಗ್ಯಾಸ್ ಲೈನ್‌ಗಳಿಗೆ ಈಗ ಎಕ್ಸ್70, ಎಕ್ಸ್80 ದರ್ಜೆಯ ಗಟ್ಟಿ ಉಕ್ಕು ಬಳಸುತ್ತಾರೆ. ಎಕ್ಸ್80 ಹಿಗ್ಗಿ ಹಾಗೇ ಉಳಿದುಬಿಡುವ ಮೊದಲು ಸುಮಾರು 550 ಮೆಗಾಪ್ಯಾಸ್ಕಲ್ (ಒತ್ತಡ, ಎಳೆತ ಅಳೆಯುವ ಮಾನ) ಎಳೆತ ತಡೆಯುತ್ತದೆ. ಹಾಗಾಗಿ ಪೈಪಿನ ಗೋಡೆ ತೆಳ್ಳಗಿದ್ದರೂ ನಡೆಯುತ್ತದೆ. ಆದರೆ ಆರ್ಕ್ ವೆಲ್ಡಿಂಗ್‌ನಲ್ಲಿ ಹೈಡ್ರೋಜನ್ ಒಳಗೆ ಸೇರಿಕೊಂಡರೆ, ಕೆಲಸ ಮುಗಿದು ಎಷ್ಟೋ ಗಂಟೆಯಾದ ಮೇಲೆ ಬಿರುಕು ಬಿಡಬಹುದು. ಅದಕ್ಕೇ ಪೈಪನ್ನು ಮೊದಲೇ ಬಿಸಿ ಮಾಡಿಕೊಳ್ಳುತ್ತಾರೆ. ಫ್ರಿಕ್ಷನ್ ವೆಲ್ಡಿಂಗ್‌ನಲ್ಲಿ ಈ ಕಾಟ ತೀರಾ ಕಮ್ಮಿ. ಬೆಸುಗೆ ಪಕ್ಕದ ಉಕ್ಕು ಕಾದು ಹದ ಕೆಡುವುದು ಮಾತ್ರ ಇಲ್ಲೂ ಪೂರ್ತಿ ತಪ್ಪುವುದಿಲ್ಲ.

ಹಾಗಾದರೆ ಎಲ್ಲ ಪೈಪ್‌ಲೈನಿಗೂ ಇದನ್ನೇ ಮಾಡಬಹುದಲ್ವಾ? ಇಲ್ಲೇ ಇರುವುದು ಫಜೀತಿ. ಆಗಲೇ ಕಿಲೋಮೀಟರ್‌ಗಟ್ಟಲೆ ಜೋಡಿಸಿರುವ ಲೈನನ್ನು ಯಾರು ಸುತ್ತಿಸುತ್ತಾರೆ? ಹೊಸದಾಗಿ ಸೇರಿಸುವ ಪೈಪನ್ನೇ ಸುತ್ತಿಸೋಣ ಅಂದರೆ, ಅದೂ ಸುಮಾರು 12 ಮೀಟರ್ ಉದ್ದ. ಪೈಪ್ ಹೂಳಲು ತೋಡಿದ ಕಾಲುವೆ ಪಕ್ಕದಲ್ಲಿ ಅದನ್ನು ಗಿರಗಿರ ತಿರುಗಿಸುವುದು ಹುಡುಗಾಟವಲ್ಲ.

ಇದಕ್ಕೆ ಹುಡುಕಿದ ಉಪಾಯ ನನಗೆ ಬಹಳ ಹಿಡಿಸಿತು. ಎರಡೂ ಪೈಪನ್ನು ಅಲುಗಾಡದಂತೆ ಹಿಡಿದು, ನಡುವೆ ಒಂದು ಉಕ್ಕಿನ ಉಂಗುರ ಇಟ್ಟು, ಅದನ್ನಷ್ಟೇ ತಿರುಗಿಸುವುದು! ರೇಡಿಯಲ್ ಫ್ರಿಕ್ಷನ್ ವೆಲ್ಡಿಂಗ್‌ನಲ್ಲಿ ಪೈಪ್ ತುದಿಗಳನ್ನು ಓರೆಯಾಗಿ ಕತ್ತರಿಸಿ ವಿ ಆಕಾರದ ತೋಡು ಮಾಡುತ್ತಾರೆ. ಸುತ್ತುವ ಉಂಗುರವನ್ನು ಎಲ್ಲ ಕಡೆಯಿಂದ ಅದರೊಳಕ್ಕೆ ಹಿಂಡುತ್ತಾರೆ. ಪೈಪಿನ ಒಳಗೆ ಮ್ಯಾಂಡ್ರೆಲ್ (ಒಳಗಿನಿಂದ ಆಸರೆ ಕೊಡುವ ಅಚ್ಚು) ಆನಿಸಿರಬೇಕು. ಇಲ್ಲದಿದ್ದರೆ ಪೈಪ್ ಒಳಕ್ಕೆ ಕುಸಿಯುತ್ತದೆ, ಲೋಹವೂ ಒಳಗೆ ಉಕ್ಕುತ್ತದೆ. ಹೊರಗಿನ ಫ್ಲ್ಯಾಶ್ ಕೆತ್ತಿ ತೆಗೆಯುವುದು ಸುಲಭ. ಒಳಗೆ ಉಳಿದರೆ ಲೈನ್ ಶುಚಿ ಮಾಡಲು ಒಳಗೆ ಓಡಿಸುವ ಪಿಗ್ ಎಂಬ ಸಾಧನ ಅಲ್ಲೇ ಸಿಕ್ಕಿಕೊಳ್ಳಬಹುದು.

ಇಷ್ಟಾದರೂ ನೆಲದ ಮೇಲಿನ ದೊಡ್ಡ ಲೈನ್‌ಗಳಲ್ಲಿ ಆರ್ಕ್‌ನದೇ ದರ್ಬಾರು. ಅಷ್ಟು ಅಗಲದ ಪೈಪನ್ನು ಹಿಡಿದು ಹಿಂಡುವ ಮಶೀನ್ ಕಾಡುಮೇಡಿಗೆ ಸಾಗಿಸಬೇಕಲ್ಲ. ಪೈಪ್ ಕಾರ್ಖಾನೆಯೊಳಗೇ ಇದ್ದರೆ ಮಾತು ಬೇರೆ. ತೈಲ ಬಾವಿ ಕೊರೆಯುವ ಡ್ರಿಲ್ ಪೈಪಿನ ತುದಿಗೆ ದಪ್ಪನೆಯ ಟೂಲ್ ಜಾಯಿಂಟ್ (ಒಂದು ಪೈಪಿಗೆ ಇನ್ನೊಂದನ್ನು ತಿರುಗಿಸಿ ಜೋಡಿಸುವ ತುಂಡು) ಕೂರಿಸುವುದು ಹೀಗೇ ಉಜ್ಜಿ. ಆಮೇಲೆ ಬೆಸುಗೆಯ ಜಾಗವನ್ನು ಮತ್ತೆ ಕಾಯಿಸಿ, ತಣಿಸಿ, ಕೆಟ್ಟ ಹದವನ್ನು ವಾಪಸ್ ತರುತ್ತಾರೆ.