ನಮ್ಮ ದುಡ್ಡು ನಮ್ಮ ಕೈಗೆ ಸಿಗಲಿ

ಎಲ್ಲರಿಗೂ ನಮಸ್ಕಾರ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಏನು ಕಾಣುತ್ತಿತ್ತು, ನೆನಪಿದೆಯಾ? ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅನ್ನುವ ಚೀಟಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆಸಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅನ್ನೋದು ನಿಯಮ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಅಂದರು, ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಭರವಸೆ ಕೊಟ್ಟರು, ಬಂದ್ ಕೈಬಿಟ್ಟರು.

ತೆರಿಗೆ ವಿಷಯ ಆಗ ಎಲ್ಲರೂ ಚರ್ಚೆ ಮಾಡಿದರು. ಗಿರಾಕಿಗಳ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ, ನನ್ನ ತಲೆಯಲ್ಲಿ ಉಳಿದಿದ್ದು ಅದೇ. ಟೀ ಕುಡಿದಾಗಿದೆ, ಅಂಗಡಿಯವರು ಕ್ಯಾಶ್ ಕೊಡಿ ಅಂತಿದ್ದಾರೆ, ಜೇಬಿನಲ್ಲಿ ಫೋನ್ ಬಿಟ್ಟು ಇನ್ನೇನೂ ಇಲ್ಲ. ಎಟಿಎಂ ಹುಡುಕಿಕೊಂಡು ಹೋದರೆ ಒಂದರ ಶಟರ್ ಎಳೆದಿರುತ್ತದೆ, ಇನ್ನೊಂದರಲ್ಲಿ ದುಡ್ಡಿಲ್ಲ, ದುಡ್ಡಿರುವ ಕಡೆ ಬರೀ 500ರ ನೋಟು. 15 ರೂಪಾಯಿ ಟೀಗೆ 500ರ ನೋಟು ಕೊಟ್ಟರೆ ಅಂಗಡಿಯವರಾದರೂ ಚಿಲ್ಲರೆ ಎಲ್ಲಿಂದ ತರಬೇಕು?

ನಾನು ಯುಪಿಐ ದಿನಾ ಬಳಸುತ್ತೇನೆ, ಅದರ ಅನುಕೂಲ ದೊಡ್ಡದು. 2016ರಲ್ಲಿ ಶುರುವಾದ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳು 2000 ಕೋಟಿ ಪಾವತಿ ಆಗಿವೆ. ಸೊಪ್ಪು ಮಾರುವ ಅಜ್ಜಿಯ ಗಾಡಿ ಮೇಲೂ ಕ್ಯೂಆರ್ ಇದೆ ಅಂದರೆ ಅದು ನಿಜಕ್ಕೂ ಸಾಧನೆ. ನನ್ನ ತಕರಾರು ಬೇರೆ. ಫೋನಿನಲ್ಲಿ ದುಡ್ಡು ಕೊಡುವುದು ಸುಲಭವಾದಷ್ಟೂ, ನಮ್ಮದೇ ದುಡ್ಡನ್ನು ಕೈಗೆ ತೆಗೆದುಕೊಳ್ಳುವುದು ಕಷ್ಟವಾಗುತ್ತಾ ಬಂದಿದೆ. ಆ ಕಷ್ಟವೆಲ್ಲ ಕ್ಯಾಶ್ ಬಿಟ್ಟರೆ ಬೇರೆ ದಾರಿ ಇಲ್ಲದವರ ಮೇಲೇ ಬೀಳುತ್ತಿದೆ.

ಕ್ಯಾಶ್ ಕಾಲ ಮುಗಿಯಿತು ಅಂತಾರಲ್ಲ, ಲೆಕ್ಕ ನೋಡಿ. 2016ರ ನವೆಂಬರ್ 8ರ ನೋಟ್ ಬ್ಯಾನ್ ಹೊತ್ತಿಗೆ ದೇಶದಲ್ಲಿ ಸುಮಾರು 18 ಲಕ್ಷ ಕೋಟಿ ರೂಪಾಯಿ ನಗದು ಓಡಾಡುತ್ತಿತ್ತು. 2025ರಲ್ಲಿ ಅದು 36 ಲಕ್ಷ ಕೋಟಿ ದಾಟಿದೆ. ಅಂದರೆ ಎರಡು ಪಟ್ಟು! ಹಾಗಾದರೆ ಚಿಲ್ಲರೆಗೆ ಯಾಕೆ ಇಷ್ಟು ಪರದಾಟ? ಯಾಕೆಂದರೆ ಈ ನೋಟುಗಳ ಒಟ್ಟು ಮೌಲ್ಯದಲ್ಲಿ 100ಕ್ಕೆ ಸುಮಾರು 86 ಭಾಗ 500ರ ನೋಟೇ ಇದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಹೂವಿನ ಅಂಗಡಿಯಲ್ಲಿ ಬೇಕಾಗುವುದು 10, 20, 50, 100. ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಕೊಟ್ಟಿದ್ದನ್ನು ಇಳಿಯುವಾಗ ಕೇಳಲು ಮರೆತು, ಮನೆಗೆ ಬಂದು ಪೇಚಾಡಿದವರು ನಮ್ಮ ನಡುವೆ ಎಷ್ಟು ಜನ ಇಲ್ಲ! ದುಡ್ಡು ಇದ್ದವರಿಗೆ ಅದು ನಾಲ್ಕೈದು ರೂಪಾಯಿ. ಗಾರೆ ಕೆಲಸಕ್ಕೆ ಹೋಗುವವರಿಗೆ ಅದು ಬೆಳಗಿನ ಟೀ.

ರಿಸರ್ವ್ ಬ್ಯಾಂಕಿಗೂ ಇದು ಗೊತ್ತಿದೆ. 2025ರ ಏಪ್ರಿಲ್‌ನಲ್ಲಿ ಬ್ಯಾಂಕ್‌ಗಳಿಗೆ ಒಂದು ಸೂಚನೆ ಕೊಟ್ಟಿತು. ಸೆಪ್ಟೆಂಬರ್ 30ರೊಳಗೆ 100ಕ್ಕೆ 75 ಎಟಿಎಂಗಳಲ್ಲಿ, 2026ರ ಮಾರ್ಚ್ 31ರೊಳಗೆ 100ಕ್ಕೆ 90ರಲ್ಲಿ, ಒಳಗಿನ ನೋಟಿನ ಪೆಟ್ಟಿಗೆಗಳಲ್ಲಿ ಕನಿಷ್ಠ ಒಂದರಿಂದಲಾದರೂ 100 ಅಥವಾ 200ರ ನೋಟು ಬರಬೇಕು ಅಂತ. ಒಳ್ಳೆಯ ಸೂಚನೆ. ಆದರೆ ಅದಕ್ಕೂ ಒಂದು ತಿಂಗಳು ಮೊದಲೇ, ಮೇ 1ರಿಂದ ಜಾರಿಗೆ ಬರುವಂತೆ, ಉಚಿತ ಮಿತಿ ಮುಗಿದ ಮೇಲೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಶುಲ್ಕ ಹಾಕಲು ಬ್ಯಾಂಕ್‌ಗಳಿಗೆ ಅವಕಾಶವನ್ನೂ ಕೊಟ್ಟಿತು. ತೆರಿಗೆ ಬೇರೆ. ಬೆಂಗಳೂರಿನಂಥ ಮಹಾನಗರದಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಮೂರೇ ಸಲ ಉಚಿತ. ಒಂದೇ ಸಲ 10,000 ತೆಗೆಯುವವರಿಗೆ ಈ ಮಿತಿ ತಾಕುವುದೇ ಇಲ್ಲ. ಖಾತೆಯಲ್ಲಿ ಇರುವುದೇ 800 ರೂಪಾಯಿ, ಅದರಲ್ಲಿ ವಾರಕ್ಕೆ 200ರಂತೆ ಬೇಕಾದಾಗ ಬೇಕಾದಷ್ಟು ತೆಗೆಯುವವರಿಗೆ ತಾಕುತ್ತದೆ. ಬರೀ ಬ್ಯಾಲೆನ್ಸ್ ನೋಡಿದರೂ ಒಂದು ಸಲ ಲೆಕ್ಕಕ್ಕೆ ಬಂತು.

ಈಗ ಊರ ಕಡೆ ಬನ್ನಿ. ಗೃಹಲಕ್ಷ್ಮಿ ಹಣ, ತಿಂಗಳಿಗೆ 2000, ಮನೆಯ ಯಜಮಾನಿಯ ಖಾತೆಗೆ ಬೀಳುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ, ಹಾಲಿನ ದುಡ್ಡು, ಎಲ್ಲ ಈಗ ಖಾತೆಗೇ. ನಡುವೆ ತಿನ್ನುವವರು ಕಡಿಮೆಯಾದರು, ಅದು ಒಳ್ಳೆಯದೇ. ಆದರೆ ಖಾತೆಗೆ ಬಿದ್ದ ದುಡ್ಡು ಸೆರಗಿನ ಗಂಟಿಗೆ ಬರುವ ದಾರಿಯನ್ನು ಯಾರು ನೋಡಿದ್ದಾರೆ? ಬ್ಯಾಂಕ್ ಇರುವುದು ಹೋಬಳಿ ಕೇಂದ್ರದಲ್ಲಿ. ಹೋದ ದಿನ ಸರ್ವರ್ ಇಲ್ಲ. ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಹೆಬ್ಬೆಟ್ಟು ಒತ್ತಿ ತೆಗೆಯಬಹುದು, ನಿಜ, ಆದರೆ ವರ್ಷಗಟ್ಟಲೆ ಗುದ್ದಲಿ ಹಿಡಿದು, ಕಳೆ ಕಿತ್ತು ಸವೆದ ಬೆರಳಿನ ಗುರುತನ್ನು ಆ ಮೆಷಿನ್ ಎಷ್ಟೋ ಸಲ ಒಪ್ಪುವುದೇ ಇಲ್ಲ. ಜಾಸ್ತಿ ದುಡಿದವರ ಕೈಯನ್ನೇ ಅದು ಗುರುತಿಸುವುದಿಲ್ಲ ಅಂದರೆ ಸಿಟ್ಟು ಬರುವುದಿಲ್ವಾ? ಆ ದಿನದ ಕೂಲಿ ಹೋಯಿತು, ದುಡ್ಡೂ ಸಿಗಲಿಲ್ಲ, ನಾಳೆ ಮತ್ತೆ ಬರಬೇಕು.

ಬ್ಯಾಂಕೇ ಜನರ ಮನೆ ಬಾಗಿಲಿಗೆ ಹೋಗುವುದನ್ನು ಕಲಿಸಿದ್ದು ನಮ್ಮ ಕರಾವಳಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆ ಆದರೂ ತೆಗೆದುಕೊಂಡು ಲೆಕ್ಕ ಬರೆಯುತ್ತಿದ್ದರು. ಎರಡಾಣೆ ಇರುವವರೂ ಗಿರಾಕಿ ಅನ್ನುವ ಮರ್ಯಾದೆ ಅದರಲ್ಲಿತ್ತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿಹೋಯಿತು. ಪಿಗ್ಮಿ ಇನ್ನೂ ನಮ್ಮ ಎಷ್ಟೋ ಸಹಕಾರಿ ಸಂಘಗಳಲ್ಲಿ ನಡೆಯುತ್ತಿದೆ. ಸೈಕಲ್ ಮೇಲೆ ಎರಡಾಣೆ ವಸೂಲಿ ಮಾಡಿಯೂ ಬ್ಯಾಂಕ್ ಬೆಳೆದಿದ್ದ ನಾಡಿದು. ಇವತ್ತು ಇಷ್ಟೆಲ್ಲ ತಂತ್ರಜ್ಞಾನ ಇಟ್ಟುಕೊಂಡು, ಸಣ್ಣ ಮೊತ್ತ ಕೊಡಲು ಖರ್ಚು ಜಾಸ್ತಿ ಆಗುತ್ತದೆ ಅಂದರೆ ನಾನಂತೂ ಒಪ್ಪುವುದಿಲ್ಲ.

ಇನ್ನೊಂದು ಮಾತು, ಇದನ್ನು ಗಂಡಸರು ಸ್ವಲ್ಪ ಗಮನವಿಟ್ಟು ಕೇಳಬೇಕು. ಸಾಸಿವೆ ಡಬ್ಬಿ ದುಡ್ಡು ನಮ್ಮೆಲ್ಲರ ಮನೆಯಲ್ಲೂ ಇತ್ತಲ್ವಾ? ಅಮ್ಮ ಯಾರಿಗೂ ಹೇಳದೆ ಕೂಡಿಟ್ಟಿದ್ದು. ಮಗಳ ಫೀಸು, ತವರಿಗೆ ಹೋಗುವ ಬಸ್ ಚಾರ್ಜು, ಕುಡಿದು ಬರುವ ಗಂಡನ ಕಣ್ಣಿಗೆ ಬೀಳದ ನಾಲ್ಕು ಕಾಸು. ನೋಟ್ ಬ್ಯಾನ್ ಆದಾಗ ಆ ಡಬ್ಬಿಗಳೆಲ್ಲ ಗಂಡನ ಮುಂದೆ, ಮಗನ ಮುಂದೆ ತೆರೆಯಬೇಕಾಯಿತು. ಈಗ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್, ಅದು ಗಂಡನದ್ದೋ ಮಗನದ್ದೋ ಆದರೆ, ಅವಳ ಖಾತೆಗೆ ದುಡ್ಡು ಬಂದ ಮೆಸೇಜ್ ಹೋಗುವುದೂ ಅದಕ್ಕೇ. ಎಷ್ಟು ಬಂತು, ಯಾವಾಗ ತೆಗೆದಳು, ಎಲ್ಲ ಅವರಿಗೆ ಗೊತ್ತು. ಕ್ಯಾಶ್ ಬೇಕು ಅಂದವರೆಲ್ಲ ಕಪ್ಪುಹಣದವರು ಅಂತ ಟೀವಿಯಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ಬ್ಯಾನ್ ಆದ ನೋಟುಗಳಲ್ಲಿ 100ಕ್ಕೆ 99ಕ್ಕೂ ಹೆಚ್ಚು ಭಾಗ ವಾಪಸ್ ಬ್ಯಾಂಕಿಗೇ ಬಂತು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಅದರಲ್ಲಿ ಎಷ್ಟೋ ಸಾಸಿವೆ ಡಬ್ಬಿಗಳ ದುಡ್ಡೂ ಇತ್ತು.

ಇನ್ನು ಫೋನ್ ಇದ್ದವರ ಕಥೆ. 2025ರ ಮಾರ್ಚ್ 26, ಮತ್ತೆ ಏಪ್ರಿಲ್ 12, ದೇಶದ ತುಂಬ ಯುಪಿಐ ಗಂಟೆಗಟ್ಟಲೆ ಕೈಕೊಟ್ಟಿತು. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ನಿಂತವರ ಸ್ಥಿತಿ ನೀವೇ ಯೋಚಿಸಿ. ಮಲೆನಾಡಿನವರಿಗಂತೂ ಇದಕ್ಕೆ ತಾರೀಖು ಬೇಕಾಗಿಲ್ಲ. ಆಷಾಢದ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಹೋಗುತ್ತದೆ. ನಾರ್ವೆಯಂಥ ದೇಶದಲ್ಲಿ ಕ್ಯಾಶ್ ಬಳಸುವವರೇ ತೀರಾ ಕಡಿಮೆ. ಅಂಥವರೂ 2024ರಲ್ಲಿ ಕಾನೂನು ಬಿಗಿ ಮಾಡಿ, ಅಂಗಡಿಯಲ್ಲಿ ಗಿರಾಕಿ ನಗದು ಕೊಟ್ಟರೆ ತೆಗೆದುಕೊಳ್ಳಬೇಕು ಅಂದರು.

ನನಗೆ ಬೇಕಾಗಿರುವುದು ದೊಡ್ಡದೇನಲ್ಲ. ಸರ್ಕಾರಿ ಆಸ್ಪತ್ರೆ, ಬಸ್ಸು, ಶುಲ್ಕ ಕಟ್ಟುವ ಕೌಂಟರ್, ಪಾರ್ಕಿಂಗ್, ಎಲ್ಲೂ ‘ಓನ್ಲಿ ಆನ್‌ಲೈನ್’ ಅಂತ ಬೋರ್ಡ್ ಹಾಕಬಾರದು. ಸಹಾಯಧನ ಖಾತೆಗೆ ಹಾಕಿದ ಸರ್ಕಾರ, ಆ ದುಡ್ಡು ಆ ಪಂಚಾಯಿತಿಯಲ್ಲೇ ಕೈಗೆ ಸಿಗುತ್ತದಾ ಅಂತಲೂ ನೋಡಬೇಕು. ಸಣ್ಣ ವ್ಯಾಪಾರಿಗೆ ತೆರಿಗೆ ನಿಯಮ ಗೊತ್ತಿಲ್ಲದಿದ್ದರೆ ಮೊದಲು ಕೂರಿಸಿಕೊಂಡು ತಿಳಿಸಿ ಹೇಳಬೇಕು, ಆಮೇಲೆ ನೋಟಿಸ್. ಹಾಗೆ ಮಾಡಿದ್ದರೆ ಜುಲೈನಲ್ಲಿ ಯಾರೂ ಕ್ಯೂಆರ್ ಕಿತ್ತು ಬಿಸಾಕುತ್ತಿರಲಿಲ್ಲ.

ಖಾಲಿ ಎಟಿಎಂ ವಿಷಯದಲ್ಲಿ ನಾವೇ ಮಾಡಬಹುದಾದ ಒಂದು ಕೆಲಸ ಇದೆ. 2021ರ ಅಕ್ಟೋಬರ್‌ನಿಂದ ಒಂದು ನಿಯಮ ಜಾರಿಯಲ್ಲಿದೆ. ಒಂದು ಎಟಿಎಂ ತಿಂಗಳಲ್ಲಿ ಒಟ್ಟು 10 ಗಂಟೆಗಿಂತ ಜಾಸ್ತಿ ದುಡ್ಡಿಲ್ಲದೆ ಇದ್ದರೆ ಆ ಬ್ಯಾಂಕಿಗೆ 10,000 ರೂಪಾಯಿ ದಂಡ. ನಿಮ್ಮ ಬೀದಿಯ ಎಟಿಎಂ ಖಾಲಿ ಇದ್ದರೆ ಸುಮ್ನೆ ಬೈದುಕೊಂಡು ಮುಂದೆ ಹೋಗಬೇಡಿ. ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ, ಒಂದು ಫೋಟೋ ತೆಗೆಯಿರಿ, ಆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ಕೇಳುವ ಅಧಿಕಾರಿ, ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಹೇಗೆ ಅಂತ ಕೇಳಬೇಕಿದ್ದರೆ ಅವರ ಸಹಾಯವಾಣಿ 14448. ನಿಮ್ಮ ಪಕ್ಕದ ಮನೆಯ ಅಜ್ಜಿಗೆ ಇದನ್ನೆಲ್ಲ ಮಾಡಲು ಆಗುವುದಿಲ್ಲ. ಅವರ ಪರವಾಗಿ ಆ ದೂರನ್ನು ನೀವು ಬರೆದುಕೊಡಿ.