ಕಡಲ ಲೆಕ್ಕ ಹಿಡಿಯುವ ಕೆಲಸ

ಎಲ್ಲ ಕೇಳುಗರಿಗೂ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗೆ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಬೋಟಿನಲ್ಲಿ ದುಡಿಯುವವರು. ಹುಡುಗಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿತ್ತು. "ಅಕ್ಕೋರೇ, ಇವಳು ಕಡಲ ವಿಜ್ಞಾನ ಓದ್ತೇನೆ ಅಂತಾಳೆ. ಅದು ಹಡಗಿನ ಕೆಲಸವಾ? ಅಷ್ಟು ಓದಿ ಮತ್ತೆ ಮೀನಿನ ಹಿಂದೇ ಹೋಗೂದಾ?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮೂವತ್ತು ವರ್ಷ ಇದೇ ಪಾಠ ಹೇಳಿದವಳು ನಾನು. ಅಂದು ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಹಡಗು ನಡೆಸುವುದು, ಅದರ ಎಂಜಿನ್ ನೋಡಿಕೊಳ್ಳುವುದು ಮರ್ಚೆಂಟ್ ನೇವಿಯ ಕೆಲಸ. ಅದಕ್ಕೆ ಬೇರೆಯೇ ಓದು, ಬೇರೆಯೇ ಪರೀಕ್ಷೆ. ಮರೈನ್ ಎಂಜಿನಿಯರಿಂಗ್ ಎಂಬ ಹೆಸರು ಕೇಳಿ ಅದನ್ನೇ ಕಡಲ ವಿಜ್ಞಾನ ಅಂದುಕೊಂಡು ಅರ್ಜಿ ಹಾಕಿದವರನ್ನು ಕಂಡಿದ್ದೇನೆ. ಕಡಲ ವಿಜ್ಞಾನ ಎಂದರೆ ಕಡಲನ್ನು ಅಳೆಯುವುದು. ನೀರು ಎಷ್ಟು ಬಿಸಿ, ಎಷ್ಟು ಉಪ್ಪು, ಯಾವ ಕಡೆಗೆ ಹರಿಯುತ್ತಿದೆ, ಅದರಲ್ಲಿ ಏನು ಕರಗಿದೆ, ಯಾವ ಜೀವ ಎಷ್ಟಿದೆ, ತಳದ ಕೆಸರು ಯಾವ ಕಾಲದ್ದು ಎಂದು ಲೆಕ್ಕ ಹಿಡಿಯುವುದು.

ನನ್ನ ಅಮ್ಮ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದವಳು. ನೀರು ಇಳಿದಾಗ ಮರಳ ದಿಬ್ಬ ಏಳುತ್ತದೆ. ಹೆಂಗಸರು ಬುಟ್ಟಿ ಹಿಡಿದು ಅಲ್ಲಿಗೆ ಹೋಗಿ, ಮರಳಲ್ಲಿ ಕೈಯಾಡಿಸಿ ಚಿಪ್ಪು ತೆಗೆಯುತ್ತಿದ್ದರು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಆದರೂ "ಇವತ್ತು ನೀರು ಇಳಿಯೂದು ತಡ, ಗಂಜಿ ಉಂಡೇ ಹೋಗ್ವ" ಎಂದು ಅಮ್ಮ ಹೇಳಿದ ದಿನ ನೀರು ತಡವಾಗಿಯೇ ಇಳಿಯುತ್ತಿತ್ತು. ಹುಣ್ಣಿಮೆ, ಅಮಾವಾಸ್ಯೆಗೆ ದಿಬ್ಬ ದೂರದವರೆಗೂ ಬಯಲಾಗುತ್ತದೆ, ಅಷ್ಟಮಿಯ ಹೊತ್ತಿಗೆ ಅರ್ಧವೂ ಕಾಣುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಕಾಲೇಜಿಗೆ ಹೋದ ಮೇಲೆ ನನಗೆ ಕಾರಣ ತಿಳಿಯಿತು. ಭೂಮಿ ಒಂದು ಸುತ್ತು ಬರುವಷ್ಟರಲ್ಲಿ ಚಂದ್ರ ತಾನೂ ಸ್ವಲ್ಪ ಮುಂದೆ ಸರಿದಿರುತ್ತಾನೆ. ಹಾಗಾಗಿ ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದ ದಿನ ಸೆಳೆತ ಕೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಮ್ಮನಿಗೆ ತಿಳಿದದ್ದಕ್ಕೂ ನಾನು ಕಲಿತದ್ದಕ್ಕೂ ಜಗಳವೇನೂ ಇರಲಿಲ್ಲ. ನಾನು ಅದನ್ನು ಬರೆದಿಡಲು ಕಲಿತೆ, ಅಷ್ಟೇ. ಆ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಮ್ಮ ಇದ್ದಿದ್ದರೆ ಈಗ ಬೆಳಚು ಹೆಚ್ಚು ಸಿಗುತ್ತದಾ ಎಂದು ಕೇಳುತ್ತಿದ್ದಳು. ಅದಕ್ಕೆ ಉತ್ತರ ಕೊಡಬೇಕಾದರೂ ಯಾರಾದರೊಬ್ಬರು ಪ್ರತಿ ತಿಂಗಳು ಅಲ್ಲಿಗೆ ಹೋಗಿ ಎಣಿಸಲೇಬೇಕು.

ಈ ಅಳೆಯುವ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟು ಎಂದು ನೋಡಬೇಕು. ಇದಕ್ಕೆ 1888ರಲ್ಲಿ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ ಹೇಳಿಕೊಟ್ಟ ವಿಧಾನವನ್ನು ಇಂದಿಗೂ ಬಳಸುತ್ತೇವೆ. ಗಾಜಿನ ಬಾಟಲಿಗೆ ನೀರು ತುಂಬಬೇಕು, ಒಂದೇ ಒಂದು ಗುಳ್ಳೆಯೂ ಉಳಿಯಬಾರದು. ಗುಳ್ಳೆ ಉಳಿದರೆ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರಿ ಬಾಟಲಿ ದಂಡ. ಮ್ಯಾಂಗನೀಸ್ ದ್ರಾವಣ, ಅಯೋಡೈಡ್ ಬೆರೆತ ಕ್ಷಾರ ಎರಡನ್ನೂ ಬಿಟ್ಟು ಮುಚ್ಚಳ ಹಾಕಿ ಅಲ್ಲಾಡಿಸಿದರೆ ಒಳಗೆ ಕಂದು ಮೋಡ ಏಳುತ್ತದೆ. ಅದು ನಿಧಾನಕ್ಕೆ ತಳಕ್ಕೆ ಕೂರುತ್ತದೆ. ಆಮ್ಲ ಹಾಕಿದರೆ ಕರಗಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಥಯೋಸಲ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಬಣ್ಣ ತೆಳುವಾದಾಗ ಗಂಜಿತಿಳಿಯಂಥ ಪಿಷ್ಟದ ದ್ರಾವಣ ಹಾಕಿದರೆ ಕಡು ನೀಲಿ. ಇನ್ನೆರಡು ಹನಿಗೆ ನೀಲಿ ಮಾಯ. ಎಷ್ಟು ಹನಿ ಖರ್ಚಾಯಿತೋ ಅದರಲ್ಲಿ ಉತ್ತರ ಇದೆ.

ಮಳೆಗಾಲದ ಕೊನೆಯಲ್ಲಿ ನಮ್ಮ ಕರಾವಳಿಯ ಎದುರಿನ ತಳದ ನೀರು ತಂದು ಹೀಗೆ ಮಾಡಿ ನೋಡಿದರೆ ಕೆಲವೊಮ್ಮೆ ಆ ಕಂದು ಮೋಡ ಏಳುವುದೇ ಇಲ್ಲ, ಬಿಳಿಯಾಗಿಯೇ ಉಳಿಯುತ್ತದೆ. ಆ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎಂದರ್ಥ. ನಾನು ಮೊದಲ ಸಲ ಅದನ್ನು ಕಂಡಾಗ ಬಾಟಲಿ ಹಿಡಿದ ಕೈ ನಡುಗಿತ್ತು. ಮುಂಗಾರಿನ ಗಾಳಿ ಬೀಸುವಾಗ ನೈಋತ್ಯ ಕರಾವಳಿಯ ಆಳದ ತಣ್ಣನೆಯ ನೀರು ಮೇಲಕ್ಕೆ ಏರುತ್ತದೆ. ಅದರಲ್ಲಿ ಪೋಷಕಾಂಶ ತುಂಬಿರುತ್ತದೆ. ಬರಿಗಣ್ಣಿಗೆ ಕಾಣದ ಸಸ್ಯಜೀವಿಗಳು ಅದನ್ನುಂಡು ಹಿಗ್ಗುತ್ತವೆ, ಬೂತಾಯಿ ಮೀನು ಅವುಗಳನ್ನು ತಿಂದು ಕೊಬ್ಬುತ್ತದೆ. ಬೂತಾಯಿಗೆ ಆ ರುಚಿ ಬರುವುದು ಇದರಿಂದಲೇ. ತಿನ್ನದೆ ಉಳಿದದ್ದು ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಅಲ್ಲಿದ್ದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಮೇಲೆ ಹೊಳೆಗಳ ಸಿಹಿನೀರು ತೆಳುವಾದ ಹೊದಿಕೆಯಂತೆ ಹರಡಿರುವುದರಿಂದ ಗಾಳಿಯಿಂದ ಹೊಸ ಆಮ್ಲಜನಕ ಕೆಳಗೆ ಇಳಿಯುವುದೂ ಕಷ್ಟ. ಆಗ ತಳದ ಮೀನು ಅಲ್ಲಿ ನಿಲ್ಲುವುದಿಲ್ಲ. ಗೋವಾದ ಕಾಂಡೋಳಿ ಎದುರಿನ ಕಡಲಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಎರಡು ದಶಕಕ್ಕೂ ಹೆಚ್ಚು ಕಾಲ ಒಂದೇ ಜಾಗಕ್ಕೆ ಹೋಗಿ ಹೋಗಿ ಇದನ್ನು ಅಳೆದಿದ್ದಾರೆ. ಒಂದೇ ಜಾಗ, ಅದೇ ಬಾಟಲಿ, ವರ್ಷದ ಮೇಲೆ ವರ್ಷ. ಈ ವೃತ್ತಿಗೆ ಬರುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಅಷ್ಟು ತಾಳ್ಮೆ ನನಗಿದೆಯಾ ಎಂದು.

ಈಗ ಓದಿನ ವಿಷಯ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇದ್ದವರಿಗೆ ಹತ್ತಿರದ ಬಾಗಿಲು ಮಂಗಳೂರಿನ ಮೀನುಗಾರಿಕೆ ಕಾಲೇಜು. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕೆ ಕಾಲೇಜು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬಿಎಫ್‌ಎಸ್‌ಸಿ ಎಂಬ ನಾಲ್ಕು ವರ್ಷದ ಮೀನುಗಾರಿಕಾ ವಿಜ್ಞಾನ ಪದವಿ, ಪ್ರವೇಶ ಸಿಇಟಿ ಮೂಲಕ. ಮೀನು ಸಾಕಣೆ, ಸಂಸ್ಕರಣೆ, ಮೀನಿನ ರೋಗ, ಬಲೆ, ಕಡಲ ಪರಿಸರ ಎಲ್ಲ ಅಲ್ಲಿ ಬರುತ್ತದೆ. ರಾಜ್ಯ ಮೀನುಗಾರಿಕೆ ಇಲಾಖೆಯ ಅಧಿಕಾರಿಯಾಗಬೇಕು ಎನ್ನುವವರಿಗೆ ಇದೇ ನೇರ ದಾರಿ. ಬಿಎಸ್‌ಸಿ ಮಾಡಿ ಬರುವವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗ ಇದೆ. ಕಾಳಿ ನದಿ ಕಡಲು ಸೇರುವಲ್ಲೇ ತರಗತಿ. ಮಂಗಳಗಂಗೋತ್ರಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಕಲಿಸುತ್ತಾರೆ. ರಾಜ್ಯದ ಹೊರಗೆ ಹೋಗಲು ಮನಸ್ಸಿದ್ದರೆ ಕುಸಾಟ್ ಎಂದು ಕರೆಯುವ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಗೋವಾ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರ, ಇವೆಲ್ಲ ಇವೆ. ಸಂಶೋಧನೆಗೆ ಮುಂದುವರಿಯುವವರು ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆಯಬೇಕು. ಸಿಎಸ್‌ಐಆರ್ ನೆಟ್‌ನಲ್ಲಿ ಜೀವವಿಜ್ಞಾನದ ಪತ್ರಿಕೆಯೂ ಇದೆ, ಭೂಮಿ, ವಾತಾವರಣ, ಸಾಗರಗಳದ್ದೇ ಬೇರೆ ಪತ್ರಿಕೆಯೂ ಇದೆ.

ಆ ಹುಡುಗಿಗೆ ನಾನು ಒತ್ತಿ ಹೇಳಿದ ಒಂದು ಮಾತನ್ನು ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ. ಗಣಿತ ಬಿಡಬೇಡಿ. ಜೀವಶಾಸ್ತ್ರ ತೆಗೆದುಕೊಂಡವರು ಗಣಿತದಿಂದ ಪಾರಾದೆವು ಎಂದು ಉಸಿರು ಬಿಡುತ್ತಾರೆ. ಕಡಲಲ್ಲಿ ಅದು ನಡೆಯುವುದಿಲ್ಲ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ, 1947ರಲ್ಲಿ ಹುಟ್ಟಿದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯನ್ನೇ ನೋಡಿ. ಮಂಗಳೂರು, ಕಾರವಾರಗಳಲ್ಲೂ ಅದರ ಕೇಂದ್ರಗಳಿವೆ. ದೇಶದ ಕಡಲಿಂದ ವರ್ಷಕ್ಕೆ ಯಾವ ಮೀನು ಎಷ್ಟು ಬಂತು ಎಂದು ಹೇಳುವವರು ಅವರು. ಪ್ರತಿ ಬಂದರಿನ ಪ್ರತಿ ಬೋಟನ್ನೂ ಪ್ರತಿದಿನ ತೂಗಲು ಸಾಧ್ಯವೇ? ಯಾವ ಬಂದರು, ಯಾವ ದಿನ, ಅಂದು ಬಂದ ಬೋಟುಗಳಲ್ಲಿ ಯಾವುದು ಎಂದು ಲೆಕ್ಕಬದ್ಧವಾಗಿ ಆರಿಸಿ, ಅಷ್ಟನ್ನು ನೋಡಿ, ಅದರಿಂದ ಇಡೀ ಕರಾವಳಿಯ ಅಂದಾಜು ಹಾಕುತ್ತಾರೆ. ಅದು ಸಂಖ್ಯಾಶಾಸ್ತ್ರದ ವಿದ್ಯೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಕಡಲಿನ ಮೇಲ್ಮೈಯ ಬಿಸಿಯನ್ನೂ ಸಸ್ಯಜೀವಿಗಳ ಹಸಿರನ್ನೂ ನೋಡಿ, ಇಂಥ ಬಂದರಿನಿಂದ ಇಂಥ ದಿಕ್ಕಿಗೆ ಇಷ್ಟು ದೂರ ಹೋದರೆ ಮೀನು ಸಿಗಬಹುದು ಎಂದು ಮೀನುಗಾರರಿಗೆ ತಿಳಿಸುತ್ತದೆ. ಸುನಾಮಿ ಎಚ್ಚರಿಕೆ ಕೊಡುವುದೂ ಅವರೇ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರ ಕೈಗೆ ಮೀನಿನ ವಾಸನೆ ಹತ್ತುವುದಿಲ್ಲ, ಅವರಿಗೆ ಬೇಕಾದದ್ದು ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕಸುಬು. ಬಳ್ಳಾರಿ, ಕಲಬುರಗಿಯಲ್ಲಿ ಕೂತು ನನ್ನ ಮಾತು ಕೇಳುತ್ತಿರುವ ಮಕ್ಕಳೇ, ಕಡಲು ನೋಡಿಯೇ ಇಲ್ಲ ಎಂಬ ಅಳುಕು ನಿಮಗೆ ಬೇಡ.

ಕರಾವಳಿಯ ಮಕ್ಕಳಿಗೆ ಹೇಳುವುದು ಇನ್ನೊಂದಿದೆ. ನೀವು ಮನೆಯಲ್ಲಿ ಆಡುವ ಮಾತೇ ನಿಮ್ಮ ಬಂಡವಾಳ. ಬಂಗುಡೆ, ಅಂಜಲ್, ಮಾಂಜಿ, ಕಾಣೆ ಎಂದು ಮುಟ್ಟಿ ಹೇಳಬಲ್ಲವರಿಗೆ ಅವುಗಳ ಲ್ಯಾಟಿನ್ ಹೆಸರು ಕಲಿಯಲು ಒಂದು ತಿಂಗಳು ಸಾಕು. ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿ ಬಂದವರಿಗೆ ಬೋಟು ನಿಲ್ಲುವ ಧಕ್ಕೆಯಲ್ಲಿ ನಿಂತು ಮೀನುಗಾರರೊಡನೆ ಮಾತಾಡಲು ವರ್ಷಗಳೇ ಬೇಕು. ಮೀನಿನ ವಯಸ್ಸು ತಿಳಿಯಲು ಅದರ ತಲೆಬುರುಡೆಯೊಳಗಿನ ಕಿವಿಯ ಕಲ್ಲನ್ನು ತೆಗೆಯುತ್ತೇವೆ. ಬಂಗುಡೆಯದ್ದು ಅಕ್ಕಿನುಚ್ಚಿನಷ್ಟು, ಚಿಮಟ ಸ್ವಲ್ಪ ಬಿಗಿಯಾದರೂ ಪುಡಿ. ಅದನ್ನು ಉಜ್ಜಿ ತೆಳುಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದಲ್ಲಿರುವಂತೆ ಉಂಗುರಗಳು ಕಾಣುತ್ತವೆ. ನಮ್ಮದು ಸದಾ ಬಿಸಿಯ ಕಡಲು, ವರ್ಷದ ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಹಾಗಾಗಿ ದಿನದ ಗೆರೆಗಳನ್ನು ಎಣಿಸುತ್ತೇವೆ. ಈ ಕೆಲಸದಲ್ಲಿ ನನ್ನ ವಿದ್ಯಾರ್ಥಿಗಳ ಪೈಕಿ ಎಲ್ಲರಿಗಿಂತ ಕೈ ಪಳಗಿದ್ದವಳು ಸಣ್ಣ ವಯಸ್ಸಿನಿಂದ ಮನೆಯಲ್ಲಿ ಮೀನು ಹೆರೆದು ಕೊಯ್ದು ಬೆಳೆದ ಹುಡುಗಿ.

ಹಡಗಿನ ಕೆಲಸವೂ ಇದೆ. ಸಾಗರ ಕನ್ಯಾ, ಸಾಗರ ಸಂಪದ, ಸಿಂಧು ಸಾಧನಾದಂಥ ಸಂಶೋಧನಾ ಹಡಗುಗಳಲ್ಲಿ ವಾರಗಟ್ಟಲೆ ಇರಬೇಕಾಗುತ್ತದೆ. ಪಾಳಿ ಪ್ರಕಾರ ಕೆಲಸ. ನಡುರಾತ್ರಿ ಎರಡು ಗಂಟೆಗೆ ಆಳದಿಂದ ನೀರಿನ ಸೀಸೆಗಳು ಮೇಲೆ ಬಂದರೆ ಆಗಲೇ ಎದ್ದು ತುಂಬಿಕೊಳ್ಳಬೇಕು. ಮೊದಲ ಮೂರು ದಿನ ವಾಂತಿ, ಆಮೇಲೆ ಅಭ್ಯಾಸವಾಗುತ್ತದೆ. ನನ್ನ ಕಾಲದಲ್ಲಿ ಒಂದು ಯಾನಕ್ಕೆ ಆಯ್ಕೆಯಾದ ಮೇಲೂ ಹೆಂಗಸರಿಗೆ ಬೇರೆ ಕ್ಯಾಬಿನ್ ಇಲ್ಲ ಎಂದು ನನ್ನ ಹೆಸರು ಹೊಡೆದುಹಾಕಿದ್ದರು. ನಾಲ್ಕು ವರ್ಷದ ಮೇಲೆ ಬೇರೊಂದು ಹಡಗಿನಲ್ಲಿ ಹೋದೆ. ಆ ನಾಲ್ಕು ವರ್ಷದ ನೋವು ಇನ್ನೂ ಇದೆ. ಈಗ ಹೆಣ್ಣುಮಕ್ಕಳು ಹಡಗಿನಲ್ಲೂ ಇದ್ದಾರೆ, ಅಂಟಾರ್ಕ್ಟಿಕಾಕ್ಕೂ ಹೋಗಿ ಬರುತ್ತಾರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸಲು ಟೈಟಾನಿಯಂ ಗೋಳದ ಮತ್ಸ್ಯ 6000 ಎಂಬ ಜಲವಾಹನವನ್ನು ಸಿದ್ಧಪಡಿಸುತ್ತಿದೆ. ಅದರೊಳಗೆ ಒಂದು ದಿನ ನಮ್ಮ ಕರಾವಳಿಯ ಹೆಣ್ಣುಮಗಳು ಕೂರಬೇಕು ಎಂಬುದು ನನ್ನ ಆಸೆ.

ಉದ್ಯೋಗದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾಯಂ ವಿಜ್ಞಾನಿ ಹುದ್ದೆಗಳು ಕಡಿಮೆ. ಎಂಎಸ್‌ಸಿ ಮುಗಿಸಿ ಪಿಎಚ್‌ಡಿ, ಅದರ ಮೇಲೆ ಯೋಜನಾ ಸಹಾಯಕರಾಗಿ ಕೆಲವು ವರ್ಷ ಎಂದರೆ ಮೂವತ್ತು ದಾಟಿರುತ್ತದೆ. ಒಂದು ಯೋಜನೆ ಮುಗಿದು ಇನ್ನೊಂದು ಸಿಗುವವರೆಗೆ ಸಂಬಳ ಇಲ್ಲದ ತಿಂಗಳುಗಳೂ ಬರುತ್ತವೆ. ಮನೆಯಲ್ಲಿ ಸಾಲ ಇರುವ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಅಂಥವರು ಮೊದಲು ಸಿಗಡಿ ಮರಿ ಕೇಂದ್ರದಲ್ಲೋ, ಮೀನು ರಫ್ತು ಘಟಕದ ಗುಣಮಟ್ಟ ಪರೀಕ್ಷೆಯಲ್ಲೋ, ಪರಿಸರ ಸಮೀಕ್ಷೆಯ ಕಂಪನಿಯಲ್ಲೋ ಕೆಲಸಕ್ಕೆ ಸೇರಿದರೆ ಅದರಲ್ಲಿ ಕುಂದೇನೂ ಇಲ್ಲ. ಅಲ್ಲಿಂದ ಸಂಶೋಧನೆಗೆ ಮರಳಿದವರೂ ಇದ್ದಾರೆ. ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಡಿಗ್ರಿ ಮುಗಿದ ಮರುದಿನವೇ ಸಂಬಳ ಕೇಳಬೇಡಿ.

ಬಂದ ಹುಡುಗಿಗೆ ನಾನು ಒಂದು ಕೆಲಸ ಕೊಟ್ಟು ಕಳಿಸಿದೆ. ಹದಿನೈದು ದಿನ, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ, ಅವರ ಮನೆ ಹಿಂದಿನ ಧಕ್ಕೆಯ ಕಂಬಕ್ಕೆ ಬಣ್ಣದಲ್ಲಿ ಗೆರೆ ಎಳೆದು, ಹಗಲಿನಲ್ಲಿ ನೀರು ಅತಿ ಮೇಲೆ ಬಂದ ಹೊತ್ತು, ಬಂದ ಎತ್ತರ ಎರಡನ್ನೂ ಬರೆಯಬೇಕು. ಕಡಲಿಲ್ಲದ ಊರಿನವರು ಕೆರೆಯ ನೀರಿನ ಮಟ್ಟವನ್ನೋ ಬಿಸಿಯನ್ನೋ ಹೀಗೆ ಬರೆಯಬಹುದು, ಒಂದು ಥರ್ಮಾಮೀಟರ್ ಸಾಕು.

ಹದಿನೈದು ದಿನ ಕಳೆದ ಮೇಲೆ ಅವಳು ಅಪ್ಪನ ಜೊತೆ ನೋಟ್‌ಬುಕ್ ಹಿಡಿದು ಬಂದಳು. ದಿನದಿಂದ ದಿನಕ್ಕೆ ಹೊತ್ತು ಮುಂದೆ ಹೋಗಿರುವುದು, ಅಷ್ಟಮಿಯ ಹೊತ್ತಿಗೆ ಎತ್ತರ ತಗ್ಗಿ ಮತ್ತೆ ಏರಿರುವುದು ಅವಳ ಪೆನ್ಸಿಲ್ ಗೆರೆಯಲ್ಲಿ ಚೆನ್ನಾಗಿ ಮೂಡಿತ್ತು. ಹನ್ನೊಂದನೆಯ ದಿನದ ಜಾಗ ಮಾತ್ರ ಖಾಲಿ. ಯಾಕೆಂದು ಕೇಳಿದೆ. "ಅಂದು ಜೋರು ಮಳೆ, ಗೆರೆ ಕಾಣಲಿಲ್ಲ ಅಕ್ಕೋರೇ. ಹಿಂದಿನ ದಿನದ್ದು, ಮಾರನೆ ದಿನದ್ದು ನೋಡಿ ನಡುವಿನದ್ದು ಬರೆಯಬಹುದಿತ್ತು. ಆದರೆ ನಾನು ನೋಡಿರಲಿಲ್ಲವಲ್ಲ" ಎಂದಳು.

ನಾನು ಅವಳ ಅಪ್ಪನ ಕಡೆ ತಿರುಗಿ, ಅರ್ಜಿಗೆ ಕೊನೆಯ ದಿನ ಯಾವಾಗ ಎಂದು ಕೇಳಿದೆ.

ನಮಸ್ಕಾರ.