ಕರ್ನಾಟಕದಲ್ಲಿ ಎಲೆಕ್ಟ್ರಿಷಿಯನ್‌ಗಳ ಕೆಲಸ ಮತ್ತು ಸಂಪಾದನೆ

ಮಾನ್ಯ ಪ್ರಾಚಾರ್ಯರೇ, ತರಬೇತಿ ಅಧಿಕಾರಿಗಳೇ, ಮಕ್ಕಳ ಜೊತೆ ಬಂದಿರುವ ತಂದೆ ತಾಯಂದಿರೇ, ಎಲೆಕ್ಟ್ರಿಷಿಯನ್ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿಗಳೇ,

ನಾನು ಒಳಗೆ ಬರುವಾಗ ಪೋಷಕರೊಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಸಾರ್, ಎರಡು ವರ್ಷ ಐಟಿಐ ಓದಿಸಿದ್ದೇವೆ, ಲೈನ್‌ಮ್ಯಾನ್ ಕೆಲಸ ಸಿಗುತ್ತೆ ತಾನೇ?" ಎಂದು ಕೇಳಿದರು. ನಿಷ್ಠುರವಾದ ಉತ್ತರವೆಂದರೆ, ಆ ಕೆಲಸಕ್ಕೆ ಐಟಿಐ ಕೇಳುವುದೇ ಇಲ್ಲ. ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ 2024ರ ಅಕ್ಟೋಬರ್‌ನಲ್ಲಿ ತನಗೂ, ಮನೆ ಮನೆಗೆ ವಿದ್ಯುತ್ ಕೊಡುವ ಬೆಸ್ಕಾಂನಂಥ ಎಸ್ಕಾಂಗಳಿಗೂ ಸೇರಿಸಿ ಕಿರಿಯ ಪವರ್‌ಮ್ಯಾನ್, ಅಂದರೆ ನಾವು ಲೈನ್‌ಮ್ಯಾನ್ ಎನ್ನುವವರ, ಹಾಗೂ ವಿದ್ಯುತ್ ಉಪಕೇಂದ್ರ ನೋಡಿಕೊಳ್ಳುವ ಕಿರಿಯ ಸ್ಟೇಷನ್ ಪರಿಚಾರಕರ 2,975 ಹುದ್ದೆಗಳಿಗೆ ಅರ್ಜಿ ಕರೆದಾಗ ನೋಡಿದ್ದು ಎಸ್ಸೆಸ್ಸೆಲ್ಸಿ ಅಂಕಗಳನ್ನು ಮತ್ತು ಮೈಯ ಕಸುವನ್ನು. ಎಂಟು ಮೀಟರ್ ಎತ್ತರದ ಕಂಬ ಹತ್ತುವುದು ಕಡ್ಡಾಯವಾಗಿತ್ತು. ಆಯ್ಕೆಯಾದವರಿಗೆ ಮೊದಲ ವರ್ಷ ತಿಂಗಳಿಗೆ 17,000, ಎರಡನೇ ವರ್ಷ 19,000, ಮೂರನೇ ವರ್ಷ 21,000 ರೂಪಾಯಿ, ಆಮೇಲೆ 28,550ರಿಂದ 63,000ದವರೆಗಿನ ವೇತನ ಶ್ರೇಣಿ. ಒಳ್ಳೆಯ ಸಂಬಳವೇ. ಆದರೆ ನಿಮ್ಮ ಮಗನ ಪಕ್ಕದಲ್ಲಿ ಅದೇ ಕಂಬ ಹತ್ತಲು ನಿಂತವರಲ್ಲಿ ವರ್ಕ್‌ಷಾಪಿನ ಮುಖವನ್ನೇ ಕಾಣದವರೂ ಇರುತ್ತಾರೆ.

ಹಾಗಾದರೆ ಇಲ್ಲಿ ಕಳೆದ ಎರಡು ವರ್ಷ ದಂಡವೇ? ಖಂಡಿತ ಅಲ್ಲ. ಅದರ ಬೆಲೆ ತಿಳಿಯುವುದು ಬೇರೊಂದು ಕಡೆ. ಬೆಂಗಳೂರಿನ ಹೊರವಲಯದ ಯಾವುದಾದರೊಂದು ಹೊಸ ಮನೆಯ ಕೆಲಸವನ್ನು ಗಮನಿಸಿ. ತಾರಸಿಗೆ ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಕಂಬಿಗಳ ನಡುವೆ ಪೈಪು ಹಾಯಿಸಿ, ಫ್ಯಾನ್ ಬಾಕ್ಸ್ ಕೂರಿಸಿ ಕಟ್ಟುವವನು ನಮ್ಮ ಹುಡುಗ. ಗೋಡೆ ಕಟ್ ಮಾಡಿ, ವೈರ್ ಎಳೆದು, ಬೋರ್ಡ್ ಕೂರಿಸುವವನೂ ಅವನೇ. ಮೂರು ತಿಂಗಳ ನಂತರ ಬೆಸ್ಕಾಂಗೆ ಸಂಪರ್ಕಕ್ಕಾಗಿ ಅರ್ಜಿ ಹಾಕುವಾಗ ಮಾತ್ರ ಅವನ ರುಜು ನಡೆಯುವುದಿಲ್ಲ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬಂದು ಸಹಿ ಹಾಕಬೇಕು. ಒಂದು ಗಂಟೆ ಬಂದವನ ಸಹಿಗೂ ಬೆಲೆಯಿದೆ, ಮೂರು ತಿಂಗಳು ದುಡಿದವನಿಗೆ ಅಂದಂದಿನ ಕೂಲಿ ಅಷ್ಟೇ. ಇದನ್ನು ಅನ್ಯಾಯವೆಂದು ಬಯ್ಯುವುದು ಸುಲಭ, ಆದರೆ ಕಾನೂನು ಇರುವುದೇ ಹಾಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ, ಅರ್ಹ ಮೇಲ್ವಿಚಾರಕರ ಕಣ್ಗಾವಲಿನಲ್ಲಿ, ಪರ್ಮಿಟ್ ಹೊಂದಿದವರೇ ಮಾಡಬೇಕು. ನಮ್ಮ ರಾಜ್ಯದಲ್ಲಿ ಈ ವೈರ್‌ಮ್ಯಾನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸುಗಳಿಗಾಗಿ ಎಡತಾಕಬೇಕಾದ ಬಾಗಿಲು ವಿದ್ಯುತ್ ಪರಿವೀಕ್ಷಣಾಲಯ. ಈ ಮೂರು ಮೆಟ್ಟಿಲುಗಳಲ್ಲಿ ನೀವು ಎಲ್ಲಿ ನಿಂತಿದ್ದೀರಿ ಎಂಬುದೇ, ನನ್ನ ಅನುಭವದಲ್ಲಿ, ಕೈಚಳಕಕ್ಕಿಂತ ಹೆಚ್ಚಾಗಿ ನಿಮ್ಮ ಸಂಪಾದನೆಯನ್ನು ನಿರ್ಧರಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹತ್ತು ವರ್ಷವಾದರೂ ಮೊದಲ ಮೆಟ್ಟಿಲನ್ನೂ ಹತ್ತದವರು ಅನೇಕರಿದ್ದಾರೆ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ಅರ್ಜಿ ತುಂಬಲು ಮಾತ್ರ ಬೇಸರ.

ಪರ್ಮಿಟ್ ಆದಮೇಲೆ ಎರಡನೆಯ ಮಾತು ಲೆಕ್ಕದ್ದು. ದಿನಗೂಲಿ ಬಿಟ್ಟು ಪಾಯಿಂಟ್ ಲೆಕ್ಕಕ್ಕೆ, ಅಂದರೆ ಒಂದೊಂದು ಲೈಟು, ಫ್ಯಾನು, ಪ್ಲಗ್ಗಿಗೆ ಇಷ್ಟು ಎಂದು, ಕೆಲಸ ಹಿಡಿದರೆ ಆದಾಯ ಹೆಚ್ಚುವುದು ನಿಜ, ಆದರೆ ನಷ್ಟವೂ ನಿಮ್ಮದೇ. ಕಾಂಕ್ರೀಟ್ ಹಾಕುವಾಗ ಯಾರೋ ತುಳಿದು ಪೈಪು ಚಪ್ಪಟೆಯಾಗಿದ್ದರೆ, ವೈರ್ ಹೋಗದೆ ಗೋಡೆಯನ್ನು ಮತ್ತೆ ಒಡೆಯುವ ಎರಡು ದಿನಕ್ಕೆ ಹಣ ಕೊಡುವವರಿಲ್ಲ. ಮೆಟ್ಟಿಲ ದೀಪವನ್ನು ಮೇಲಿಂದಲೂ ಕೆಳಗಿಂದಲೂ ಹಾಕುವ ಟೂ ವೇ ಸ್ವಿಚ್ ಒಂದು ಪಾಯಿಂಟೋ ಎರಡೋ, ಗೀಸರಿನ ಪವರ್ ಪ್ಲಗ್ಗಿಗೆ ಬೇರೆ ದರವೋ ಅದೇ ದರವೋ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಮಾಲೀಕರ ಸಹಿ ಹಾಕಿಸಿಕೊಳ್ಳಿ. ಇಂಥ ಜಗಳಗಳನ್ನು ನಾನೇ ಕುಳಿತು ಬಗೆಹರಿಸಿದ್ದೇನೆ. ಹಾಳೆ ಇಲ್ಲದವನು ಒಮ್ಮೆಯೂ ಗೆದ್ದದ್ದಿಲ್ಲ.

ಊರು ಬಿಡಲು ಮನಸ್ಸಿಲ್ಲದವರಿಗೆ ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿನ ಕಾಯಿಲಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ ಇದೆ. ಬೇಸಿಗೆಯಲ್ಲಿ ಬೋರ್‌ವೆಲ್‌ನ ನೀರು ಕೆಳಗಿಳಿದು, ವೋಲ್ಟೇಜ್ ಬಿದ್ದು, ಮೂರು ಫೇಸಿನಲ್ಲಿ ಒಂದು ಹೋದರೂ ಪಂಪು ಓಡುತ್ತಲೇ ಇದ್ದರೆ ಕಾಯಿಲ್ ಸುಡುತ್ತದೆ. ತೋಟ ಒಣಗುತ್ತಿರುವಾಗ ರೈತ ನಾಳೆಯವರೆಗೆ ಕಾಯುವುದಿಲ್ಲ. ಇಂದೇ ಸುತ್ತಿಕೊಡುವವನ ಅಂಗಡಿಯ ಮುಂದೆ ಮೋಟಾರುಗಳು ಸಾಲುಗಟ್ಟುತ್ತವೆ. ಮಳೆಗಾಲದಲ್ಲಿ ಅದೇ ಅಂಗಡಿ ಖಾಲಿ ಹೊಡೆಯುತ್ತದೆ, ಆದ್ದರಿಂದ ಏಪ್ರಿಲ್ ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿ ಸಾಲ ಮಾಡಬೇಡಿ.

ಛಾವಣಿ ಸೋಲಾರ್ ಈಗ ಬೆಳೆಯುತ್ತಿರುವ ಕ್ಷೇತ್ರ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯೊಂದಕ್ಕೆ 78,000 ರೂಪಾಯಿವರೆಗೆ ಕೇಂದ್ರದ ಸಹಾಯಧನವಿದೆ. ಒಂದು ಎಚ್ಚರಿಕೆ: ಮೇನ್ ಸ್ವಿಚ್ ಆಫ್ ಮಾಡಿದರೆ ತಂತಿ ಸತ್ತಿತು ಎಂಬ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ, ಬಿಸಿಲಿರುವವರೆಗೂ ಪ್ಯಾನಲ್ಲಿನ ಡಿಸಿ ತಂತಿ ಜೀವಂತವಾಗಿಯೇ ಇರುತ್ತದೆ.

ರೈಲ್ವೆಯ ಸಹಾಯಕ ಲೋಕೋ ಪೈಲಟ್, ಅಂದರೆ ರೈಲು ಎಂಜಿನ್ನಿನ ಸಹಾಯಕ ಚಾಲಕನ ಹುದ್ದೆಗೆ ನಿಮ್ಮ ಐಟಿಐ ಪ್ರಮಾಣಪತ್ರ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆರಂಭದ ಮೂಲವೇತನ 19,900. ಕಟ್ಟಡಗಳಲ್ಲಿ ದುಡಿಯುವವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಹಾಗೆ ನೋಂದಾಯಿಸಿದಾಗ ಸಿಗುವ ಲೇಬರ್ ಕಾರ್ಡ್ ಗಾರೆ ಕೆಲಸದವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಇನ್ನೂ ಇದೆ.

ವೈರ್‌ಮ್ಯಾನ್ ಪರ್ಮಿಟ್ಟಿನ ಅರ್ಜಿ ನಮೂನೆಯ ಕೆಲವು ಪ್ರತಿಗಳನ್ನು ತಂದು ಮುಂದಿನ ಮೇಜಿನ ಮೇಲಿಟ್ಟಿದ್ದೇನೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು, ಮೊದಲು ಆ ಪೋಷಕರು ಕೇಳಲಿ.